ಚಿತ್ರಗಾರ ಓಣಿಯ ಕಂಪೌಂಡರ್

ಕಂಪೌಂಡರ್ ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ, ಅವರನ್ನು ಮಣ್ಣು ಮಾಡಿ ತಿಂಗಳು ಕಳೆದ ಮೇಲೆ. ಕಲಘಟಗಿಯ ದವಾಖಾನೆಯಲ್ಲಿ ನಮ್ಮ ಜೊತೆ ಕೆಲಸಕ್ಕಿದ್ದ ಹಸನ್‌ಸಾಬ ಎದುರಾದ. ಇಬ್ಬರ ತಲೆಯೂ ಬೆಳ್ಳಗಾಗಿದ್ದರಿಂದ ಗುರುತು ಹಿಡಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಚಹಾ ಕುಡಿಯುತ್ತ ಅವನೇ ಹೇಳಿದ.

"ಕಡೀತನಕ ತಪ್ಪು ಹಿಡಿಯೂದು ಬಿಡಲಿಲ್ಲ ನೋಡ್ರಿ ಪುಣ್ಯಾತ್ಮ. ಸಲಾಯಿನ್ ಬಾಟ್ಲಿ ಸೊಟ್ಟ ಕಟ್ಟೀರಿ ಅಂತ ನರ್ಸಬಾಯಾರಿಗೆ ಹೇಳಿದ್ರು. ಅವ್ರು ಅದನ್ನ ನೆಟ್ಟಗ ಮಾಡಿ ಈ ಕಡೆ ತಿರಗೂದ್ರಾಗ ಮುಗದಿತ್ತು."

ಸಾವಿನ ಸುದ್ದಿ ಕೇಳಿ ನಗಬಾರದು. ಆದರೆ ನಾನು ನಕ್ಕೆ, ಹಸನ್‌ಸಾಬನೂ ನಕ್ಕ. ಬಾಜೂ ಕುಳಿತಿದ್ದ ಹೆಣ್ಣುಮಗಳೊಬ್ಬಳು ನಮ್ಮಿಬ್ಬರನ್ನೂ ಕೆಟ್ಟ ಕಣ್ಣಿನಿಂದ ನೋಡಿದಳು.

ಅವರಿಗೂ ಒಂದು ಹೆಸರಿತ್ತು. ಊರು ಅದನ್ನು ಬಳಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಹೆಂಡತಿ ಹೇಗೂ ಹೇಳುತ್ತಿರಲಿಲ್ಲ. ಹಾಗಾಗಿ ನಾನೂ ಇಲ್ಲಿ ಬಳಸುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಲವಡಿಯವನು. ನಮ್ಮ ಕಡೆ ಬಣ್ಣ ಅಂದರೆ ಕರಿ ಮಣ್ಣು, ಬಿಳಿ ಹತ್ತಿ, ಸುಗ್ಗಿಯ ಮುಂಚೆ ಒಂದಿಷ್ಟು ಕುಸುಬಿ ಹೂವು, ಅಷ್ಟೇ. ಗಿಡದ ನೆರಳು ಸಹ ಹುಡುಕಿದರೇ ಸಿಗಬೇಕು. ಅಂಥಲ್ಲಿಂದ ಕಲಘಟಗಿಯ ಸರ್ಕಾರಿ ದವಾಖಾನೆಗೆ ಗುಮಾಸ್ತನಾಗಿ ಬಂದೆ. ಮದುವೆಯಾಗಿರಲಿಲ್ಲ, ಸಂಜೆ ಐದರ ಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಂದ ವಾರದಲ್ಲೇ ಔಷಧ ಕೊಡುವ ಕಿಟಕಿಯಿಂದ ಹೊರಗೆ ತಲೆ ಹಾಕಿ ಕಂಪೌಂಡರ್ ಸಾಹೇಬರು ಕರೆದರು.

"ಬರ್ರಿ, ಚಿತ್ರಗಾರ ಓಣಿ ತಿರಗಿ ಬರೂಣು. ನಿಮ್ಮ ಶಲವಡಿ ಕಣ್ಣಿಗೂ ಒಂದೀಟು ಔಷಧ ಬೀಳ್ಲಿ."

ಗಿಡ್ಡ ಆಳು. ಬಿಳಿ ಅಂಗಿ, ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಮೂಗಿನ ಕೆಳಗೆ ಆಳಿಗಿಂತ ದೊಡ್ಡ ಮೀಸೆ. ಆ ಮೀಸೆಯನ್ನು ಸೋಮವಾರಕ್ಕೊಮ್ಮೆ ಸ್ನಾನಕ್ಕೆ ಮೊದಲು ಸಣ್ಣ ಕತ್ತರಿಯಿಂದ ತಾವೇ ಒಪ್ಪ ಮಾಡಿಕೊಳ್ಳುತ್ತಿದ್ದರು, ನಾವಿದನಿಗೆ ಮುಟ್ಟಗೊಡುತ್ತಿರಲಿಲ್ಲ. ಕಂಕುಳಲ್ಲಿ ವರ್ಷದ ಬಾರಾ ಮಹಿನಾ ಕೊಡೆ. ಮಳೆಗಾಲದಲ್ಲಿ ಕೊಡೆ ಹಿಡಿಯುವುದು ಯಾರಿಗೂ ಬರುತ್ತದೆ, ಇವರು ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಅದರ ಉಪಯೋಗ ನನಗೆ ಆಮೇಲೆ ತಿಳಿಯಿತು.

ಆಗ ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಸಾಹೇಬರು ದೊಡ್ಡ ಜಾಡಿಯಿಂದ ಕೆಂಪು ಔಷಧವನ್ನೋ ಬಿಳಿಯದನ್ನೋ ಸುರಿದು, ಅಂಚಿನಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸಿ, ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಎಂದು ತೋರಿಸುತ್ತಿದ್ದರು. ಪ್ರತಿಯೊಬ್ಬರಿಗೂ ಒಂದೇ ಮಾತು: "ಬಾಟ್ಲಿ ಅಲ್ಲಾಡಿಸಿ ಕುಡೀಬೇಕು. ಇಲ್ಲಾಂದ್ರ ಔಷಧ ಕೆಳಗ ಕುಂತಿರತೈತಿ, ನೀವು ಮ್ಯಾಲಿನ ನೀರು ಕುಡದು ದವಾಖಾನಿಗೆ ಬೈತೀರಿ." ಮನುಷ್ಯರ ಬಗ್ಗೆಯೂ ಅವರದು ಇದೇ ಸಿದ್ಧಾಂತ. ಯಾರಾದರೂ ಬಹಳ ನಯವಾಗಿ ಮಾತಾಡಿ ಹೋದರೆ, "ಇವನ್ನ ಒಮ್ಮೆ ಅಲ್ಲಾಡಿಸಿ ನೋಡಬೇಕು" ಅನ್ನುತ್ತಿದ್ದರು.

ಚಿತ್ರಗಾರ ಓಣಿ ಉದ್ದದ ಓಣಿಯಲ್ಲ. ಎರಡು ಕಡೆ ಹೆಂಚಿನ ಮನೆಗಳು, ಪ್ರತಿ ಮನೆಗೂ ಕಟ್ಟೆ, ಕಟ್ಟೆಯ ಮೇಲೆಯೇ ಕೆಲಸ. ಒಂದು ಮನೆಯಲ್ಲಿ ತೊಟ್ಟಿಲ ಕಾಲು ಕಡೆಯುವ ಸದ್ದು, ಇನ್ನೊಂದರಲ್ಲಿ ಅರಗು ಕಾಯಿಸಿದ ವಾಸನೆ, ಮತ್ತೊಂದರಲ್ಲಿ ಮದುವೆಯ ಬಾಸಿಂಗಕ್ಕೆ ಬೇಗಡೆ ಹಚ್ಚುವವರು. ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಕಾಮಣ್ಣನ ಮುಖ, ಚೌತಿಗೆ ಮೊದಲು ಗಣಪತಿ, ಉಳಿದಂತೆ ವರ್ಷವಿಡೀ ತೊಟ್ಟಿಲು. ಕಲಘಟಗಿಯ ತೊಟ್ಟಿಲೆಂದರೆ ಸುತ್ತಿನ ಸೀಮೆಯಲ್ಲೆಲ್ಲ ಹೆಸರು. ಮಗಳ ಚೊಚ್ಚಲಿಗೆ ತವರಿನವರು ಈ ಓಣಿಯ ತೊಟ್ಟಿಲು ಕೊಟ್ಟರೆಂದರೆ ಬೀಗರ ಮನೆಯಲ್ಲಿ ಅದೊಂದು ಮಾತಾಗುತ್ತಿತ್ತು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೊಟ್ಟಿಲಲ್ಲ, ಗೋಡೆಗಳು. ಕೆಲಸ ಮುಗಿಸಿದ ಮೇಲೆ ಪ್ರತಿಯೊಬ್ಬರೂ ಕುಂಚವನ್ನು ಬಾಗಿಲ ಬಾಜೂದ ಗೋಡೆಗೆ ಒರೆಸುತ್ತಿದ್ದರು. ಅಪ್ಪ ಒರೆಸಿದಲ್ಲೇ ಮಗ, ಅತ್ತೆ ಒರೆಸಿದಲ್ಲೇ ಸೊಸೆ. ಹಾಗೆ ಒರೆಸಿ ಒರೆಸಿ ಪ್ರತಿ ಬಾಗಿಲಿನ ಪಕ್ಕದಲ್ಲೂ ಆಳೆತ್ತರದ ಬಣ್ಣದ ಪದರು ಕಟ್ಟಿ, ಸಂಜೆಯ ಬಿಸಿಲು ಬಿದ್ದಾಗ ಓಣಿಗೆ ಓಣಿಯೇ ಜಾತ್ರೆಗೆ ಹೊರಟವರ ಹಾಗೆ ಕಾಣುತ್ತಿತ್ತು. ನಾನು ಬಾಯಿ ತೆರೆದು ನಿಂತೆ.

"ಬಾಯಿ ಮುಚ್ಚರಿ, ನೊಣಾ ಹೋಗತೈತಿ," ಅಂದರು ಸಾಹೇಬರು. "ಗೋಡಿ ನೋಡಾಕ ಬಂದಿಲ್ಲ ನಾವು."

ಅವರು ಬಂದದ್ದು ತಪ್ಪು ಹಿಡಿಯುವುದಕ್ಕೆ. ಕೈಯಲ್ಲಿ ಕುಂಚ ಕೊಟ್ಟರೆ ಒಂದು ನೆಟ್ಟನೆಯ ಗೆರೆ ಎಳೆಯಲು ಬಾರದ ಮನುಷ್ಯ, ಪ್ರತಿ ಕಟ್ಟೆಯ ಮುಂದೆ ನಿಂತು, ಕೊಡೆಯ ತುದಿಯಿಂದ ತೋರಿಸಿ ತೀರ್ಪು ಕೊಡುತ್ತಿದ್ದರು. ತೀರ್ಪಿನ ಭಾಷೆ ಪೂರ್ತಿ ದವಾಖಾನೆಯದು. ಕೆಂಪು ಹೆಚ್ಚಾಗಿದ್ದರೆ "ಟಿಂಚರ್ ಸುರೀದಂಗ ಐತಿ". ಗಣಪತಿಯ ಹೊಟ್ಟೆ ಹದ ತಪ್ಪಿದ್ದರೆ "ಇದು ಕಡಬು ತಿಂದ ಹೊಟ್ಟಿ ಅಲ್ಲಪಾ, ಜಂತಹುಳಾ ಆದ ಹೊಟ್ಟಿ". ಆ ದಿನ ತುಳಸವ್ವ ಎಂಬ ಮುದುಕಿ ಗ್ರಾಮದೇವತೆಯ ಮುಖಕ್ಕೆ ಹಳದಿ ಹಚ್ಚುತ್ತಿದ್ದಳು. ಸಾಹೇಬರು ಕಣ್ಣು ಕಿರಿದು ಮಾಡಿ ನೋಡಿದರು.

"ತುಳಸವ್ವಾ, ದೇವಿಗೆ ಕಾಮಾಲಿ ಆಗೈತಿ."

"ಹಂಗಾರ ನೀವು ಔಷಧ ಕೊಡ್ರಿ, ನಾ ಬಣ್ಣಾ ಹಚ್ಚತೀನಿ," ಅಂದಳು ಮುದುಕಿ, ತಲೆ ಎತ್ತದೆ.

ಮಾರನೆಯ ಸಂಜೆ ಹೋದಾಗ ಹಳದಿಗೆ ಸ್ವಲ್ಪ ಕೆಂಪು ಬೆರೆತು, ದೇವಿಯ ಮುಖ ಬೆಳಗುತ್ತಿತ್ತು. ಸಾಹೇಬರು ಅಂಗಿಯ ಕಿಸೆಯಿಂದ ಬೋರಿಕ್ ಪುಡಿಯ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟರು. ಅರಗಿನ ಹೊಗೆಗೆ ಆ ಮುದುಕಿಯ ಕಣ್ಣು ಯಾವಾಗಲೂ ಉರಿಯುತ್ತಿದ್ದವು.

ಓಣಿಯವರಿಗೆ ಇವರ ಮೇಲೆ ಸಿಟ್ಟಿತ್ತೇ ಎಂದರೆ ಇತ್ತು. ಆದರೆ ಸಾಹೇಬರು ಏನೂ ಅನ್ನದೆ ಮುಂದೆ ಹೋದರೆ ಅದಕ್ಕಿಂತ ಹೆಚ್ಚು ಸಿಟ್ಟು. ಏನೂ ಅನ್ನಲಿಲ್ಲವೆಂದರೆ ಅನ್ನುವುದಕ್ಕೂ ಯೋಗ್ಯವಾಗಿಲ್ಲವೆಂದು ಅರ್ಥ. ಸಂಜೆಯಾಗುತ್ತಲೂ ಗಂಡಸರು ಹೆಂಗಸರೆನ್ನದೆ ಮಾಡಿದ ಕೆಲಸವನ್ನು ಬೆಳಕಿಗೆ ತಿರುಗಿಸಿ ಇಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಮೊದಲ ಸಂಜೆಯೇ ನಾನೂ ನನ್ನ ಜಾಣತನ ತೋರಿಸಲು ಹೋದೆ. ಒಂದು ಕಟ್ಟೆಯ ಮೇಲೆ ಮುಗಿದಂತೆ ಕಾಣುವ ತೊಟ್ಟಿಲಿತ್ತು. ತಲೆಯ ಕಡೆಯ ಹಲಗೆಯ ಮೇಲೆ ಬಾಲಕೃಷ್ಣನ ಚಿತ್ರ. ಯಶೋದೆ ಇದ್ದಳು, ಬೆಣ್ಣೆಯ ಗಡಿಗೆ ಇತ್ತು, ಅವಳ ತೊಡೆಯ ಮೇಲೆ ಮಾತ್ರ ಬರೀ ಬಿಳಿ ಬಣ್ಣ. "ಇಲ್ಲೇನೋ ಬಿಟ್ಟಾರಲ್ರಿ," ಅಂದೆ.

"ಬಿಟ್ಟಿಲ್ಲ, ಇಟ್ಟಾರ," ಅಂದರು ಸಾಹೇಬರು. "ಕೂಸಿನ ಚಿತ್ರಾ ಕಡೀಕ. ಖರೇ ಕೂಸು ಹುಟ್ಟಿದ ಸುದ್ದಿ ಬಂದ ಮ್ಯಾಲೇನಽ ತೊಟ್ಟಲದಾಗಿನ ಕೂಸು ಬರೀತಾರ. ಅಲ್ಲೀತನಕ ಜಾಗಾ ಖಾಲಿ. ಅವಸರ ಮಾಡಿ ಮೊದಲಽ ಬರದ್ರ ದೇವರ ಕೆಲಸಕ್ಕ ನಾವು ಕೈ ಹಾಕಿದಂಗ ಆಗತೈತಿ. ಹೊಸಬರು ನೀವು, ಗೊತ್ತಿಲ್ಲ."

ಈ ಮಾತನ್ನು ಅವರೇ ಹೇಳಿದ್ದು. ನೆನಪಿಟ್ಟುಕೊಳ್ಳಬೇಕು.

ಓಣಿಯ ನಡುವೆ ಒಂದು ದೊಡ್ಡ ಮನೆ. ಅದರ ಗೋಡೆಯ ಬಣ್ಣದ ಪದರು ಉಳಿದೆಲ್ಲ ಮನೆಗಳಿಗಿಂತ ದಪ್ಪ. ಆ ಮನೆ ಹತ್ತಿರ ಬರುತ್ತಲೂ ಸಾಹೇಬರು ಪಟ್ಟನೆ ಕೊಡೆ ಬಿಚ್ಚಿ ಆ ಕಡೆಯ ಭುಜದ ಮೇಲೆ ವಾಲಿಸಿ, ಮುಖ ಮರೆ ಮಾಡಿಕೊಂಡು ಬಿರಬಿರನೆ ದಾಟಿದರು. ದಾಟಿದ ಮೇಲೆ ಕೊಡೆ ಮಡಿಚಿದರು. ನಾನು ಆಕಾಶ ನೋಡಿದೆ. ಒಂದು ತುಣುಕು ಮೋಡವಿರಲಿಲ್ಲ.

ಅದರ ಕಥೆ ಹೇಳಿದವನು ಹಸನ್‌ಸಾಬ. ಅದು ಯಂಕಪ್ಪನ ಮನೆ. ಓಣಿಯಲ್ಲಿ ಯಂಕಪ್ಪನಂಥ ಕೈ ಇನ್ನೊಂದಿರಲಿಲ್ಲ. ಅವನೂ ಸಾಹೇಬರೂ ಗೋಲಿ ಆಡುವ ಕಾಲದ ಗೆಳೆಯರು. ಸಾಹೇಬರ ಒಬ್ಬಳೇ ಮಗಳು ಗಿರಿಜಾ ಬೆಳೆದದ್ದು ಹೆಚ್ಚುಕಡಿಮೆ ಯಂಕಪ್ಪನ ಕಟ್ಟೆಯ ಮೇಲೇ. ಬಣ್ಣದ ಪರಟೆಯಲ್ಲಿ ಬೆರಳದ್ದಿ ಗೋಡೆಗೆ ಒರೆಸುವುದು ಆಕೆಯ ಆಟ. ಹೀಗಿರುವಾಗ, ನಾನು ಬರುವುದಕ್ಕೆ ಕೆಲವು ವರ್ಷ ಮೊದಲು, ಕುಂದಗೋಳದ ಕಡೆಯ ಯಾರೋ ದೊಡ್ಡ ಮನೆತನದವರು ತೊಟ್ಟಿಲು ಒಯ್ಯಲು ಬಂದರು. ಮನೆಯ ಹಿರಿಯ ಹೆಣ್ಣುಮಗಳು ಆರತಿ ತಟ್ಟೆ ಸಮೇತ ಬಂದು ಕೂತಿದ್ದಳು. ಅದೇ ಹೊತ್ತಿಗೆ ಸಾಹೇಬರ ಸಂಜೆಯ ಸವಾರಿ ಬಂತು. ತೊಟ್ಟಿಲ ಮೇಲಿನ ಕೃಷ್ಣನ ಹೊಟ್ಟೆಯನ್ನು ಕೊಡೆಯ ತುದಿಯಿಂದ ತೋರಿಸಿ, ಎಂದಿನ ರೂಢಿಯಂತೆ, "ಯಂಕ್ಯಾ, ಇವಗ ಜಲೋದರ ಆಗೈತಲ್ಲೋ" ಅಂದುಬಿಟ್ಟರು.

ಶುಭ ಕೆಲಸಕ್ಕೆ ಬಂದ ಹೆಣ್ಣುಮಗಳ ಕಿವಿಯ ಮೇಲೆ ರೋಗದ ಹೆಸರು ಬಿತ್ತು. ಆಕೆ ಆರತಿ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಆ ತೊಟ್ಟಿಲನ್ನು ಆಮೇಲೆ ಯಾರೂ ಒಯ್ಯಲಿಲ್ಲ, ಯಂಕಪ್ಪನ ಅಟ್ಟದ ಮೇಲೆ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ," ಅಂದನಂತೆ ಯಂಕಪ್ಪ. "ನೀ ಬ್ಯಾನಿ ನೋಡಾಂವ, ನಿನ್ನ ಕಣ್ಣಿಗೆ ಎಲ್ಲಾ ಬ್ಯಾನೀನಽ ಕಾಣತೈತಿ. ಇನ್ನ ಮ್ಯಾಲೆ ನನ್ನ ಕಟ್ಟಿ ಹತ್ತಬ್ಯಾಡ."

"ಹತ್ತೂದಿಲ್ಲ. ನಿನ್ನ ಕೆಲಸದಾಗ ತಪ್ಪೈತಿ ಅಂತ ಇನ್ನೊಮ್ಮೆ ನಿನ್ನ ಮುಂದ ನನ್ನ ಬಾಯಿಂದ ಬಂದ್ರ, ಈ ಮೀಸಿ ಬೋಳಿಸ್ತೀನಿ," ಅಂದರಂತೆ ಸಾಹೇಬರು.

ಅಂದಿನಿಂದ ಕೊಡೆ. ಬೇರೆ ಓಣಿಯಿಂದ ಸುತ್ತು ಹಾಕಬಹುದಿತ್ತಲ್ಲ ಎಂದು ನಾನು ಹಸನ್‌ಸಾಬನನ್ನು ಕೇಳಿದ್ದೆ. "ಹಂಗ ಸುತ್ತ ಹಾಕಿದ್ರ ಮಾತು ಬಿಟ್ಟೀವಿ ಅಂತ ಅವನಿಗೆ ಗೊತ್ತಾಗೂದು ಹ್ಯಾಂಗ್ರಿ?" ಅಂದ.

ನಾನು ಕಲಘಟಗಿಗೆ ಹೋಗಿ ಎರಡು ವರ್ಷವಾದಾಗ ಗಿರಿಜಾ ಬಸುರಿಯಾದಳು. ಆಕೆಯನ್ನು ಕೊಟ್ಟದ್ದು ಗುಡಗೇರಿಗೆ, ಕಾಳುಕಡಿ ವ್ಯಾಪಾರದ ಮನೆಗೆ. ಮದುವೆಯಾಗಿ ಬಹಳ ವರ್ಷವಾಗಿತ್ತು, ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಈ ಸಲ ಉಳಿದುಕೊಂಡಿತು. ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದರು. ದಿನಾ ಬೆಳಗ್ಗೆ ಸಾಹೇಬರು ಡಾಕ್ಟರ ಮುಂದೆ ನಿಂತು ಮಗಳ ಬಗ್ಗೆ ಅದೇ ನಾಲ್ಕು ಪ್ರಶ್ನೆ ಕೇಳುತ್ತಿದ್ದರು, ಡಾಕ್ಟರು ಅದೇ ನಾಲ್ಕು ಉತ್ತರ ಕೊಡುತ್ತಿದ್ದರು.

ತೊಟ್ಟಿಲ ಮಾತು ಬಂತು. ಗಿರಿಜಾ ತನಗೆ ಯಂಕಪ್ಪಕಾಕಾನ ಕೈಯ ತೊಟ್ಟಿಲೇ ಬೇಕು ಅಂದಳು. ಓಣಿಯ ರೂಢಿಯ ಪ್ರಕಾರ ಹುಡುಗಿಯ ತಂದೆಯೇ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಚಿತ್ರಗಾರನ ಕಟ್ಟೆ ಹತ್ತಿ, "ಮಗಳಿಗೆ ತೊಟ್ಟಿಲಾ ಬೇಕು" ಎಂದು ಬಾಯಿಬಿಟ್ಟು ಕೇಳಬೇಕು. ಎಲೆ ಅಡಿಕೆ ಇಲ್ಲದೆ ಯಾವ ಮನೆಯವರೂ ಕಟ್ಟಿಗೆಗೆ ಉಳಿ ಹಚ್ಚುತ್ತಿರಲಿಲ್ಲ. ಸಾಹೇಬರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದೆವು, ಗಂಡನಿಗೆ ತಿಳಿಯದ ಹಾಗೆ ತಾವೇ ಹೋಗಿ ಕೇಳಿದರು. ಯಂಕಪ್ಪ ಅವರಿಗೆ ಚಹಾ ಕುಡಿಸಿ, ಗಿರಿಜಾಳ ಆರೋಗ್ಯ ಕೇಳಿ, "ಕೇಳೂದಾದ್ರ ಅಂವಽ ಬಂದು ಕೇಳ್ಲಿ ವೈನೀ" ಎಂದು ಕಳಿಸಿದ.

ಒಂದು ಭಾನುವಾರ ನಾನು ಅವರ ಮನೆಯ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಗಿರಿಜಾ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು.

"ಅಪ್ಪಾ, ಕೇಳಾಕ ಹ್ವಾದ್ರ ನಿನ್ನ ಮಾನಾ ಹೋಗತೈತಿ ಅಂದ್ರ ಹೋಗಬ್ಯಾಡ. ಈ ಸಲ ಕೂಸು ಉಳದ್ರ ಸಾಕು ನನಗ. ಸೀರಿ ಕಟ್ಟಿ ಜೋಳಿಗ್ಯಾಗ ಮಲಗಸ್ತೀನಿ."

ಆಕೆ ಅದನ್ನು ಜಗಳಕ್ಕೆಂದು ಹೇಳಿರಲಿಲ್ಲ. ಅದಕ್ಕೇ ಸಾಹೇಬರು ಮೀಸೆಯ ತುದಿ ತಿರುವುತ್ತ ಗೋಡೆ ನೋಡಿದರು. ನನಗೆ ಆ ಹೆಣ್ಣುಮಗಳ ಬಗ್ಗೆ ಮರುಕವಾಯಿತು, ಮುದುಕನ ಮೇಲೆ ಸಿಟ್ಟು ಬಂತು. ಅವಲಕ್ಕಿ ಬಿಟ್ಟು ಎದ್ದೆ.

ಅದಾಗಿ ನಾಲ್ಕಾರು ದಿನಕ್ಕೆ ಓಣಿಯಲ್ಲಿ ಹೊಸದೊಂದು ನಡೆಯಿತು. ಆ ಜಗಳದ ಮೇಲೆ ಸಾಹೇಬರ ಸವಾರಿಯ ಹೊತ್ತಿಗೆ ಬಾಗಿಲು ಅರ್ಧ ಹಾಕಿಕೊಂಡು ಒಳಗೇ ಕೂರುತ್ತಿದ್ದ ಯಂಕಪ್ಪ, ಹಾಸುಚಾಪೆ ತಂದು ಕಟ್ಟೆಯ ಮೇಲೆ ಹಾಸಿ, ಒಂದು ತೊಟ್ಟಿಲನ್ನು ಬೀದಿಗೆ ಮುಖ ಮಾಡಿ ಇಟ್ಟು ಬಣ್ಣ ಹಾಕತೊಡಗಿದ. ಸಾಗವಾನಿ ಕಟ್ಟಿಗೆ. ಯಾರ ತೊಟ್ಟಿಲೆಂದು ಕೇಳಿದವರಿಗೆಲ್ಲ, "ಯಾರರ ಕೇಳತಾರ, ಇರ್ಲಿ ಅಂತ ಮಾಡಾಕತ್ತೀನಿ" ಅಂದ. ಎಲೆ ಅಡಿಕೆ ಇಲ್ಲದೆ ಶುರು ಮಾಡಿದ ತೊಟ್ಟಿಲನ್ನು ಆ ಓಣಿ ಅದೇ ಮೊದಲು ನೋಡಿದ್ದು.

ಮೊದಲ ಸಂಜೆ ನಾಲ್ಕು ಕಂಬದ ಮೇಲೂ ಗಿಣಿಗಳು ಬಂದಿದ್ದವು. ಸಾಹೇಬರು ಕೊಡೆ ಬಿಚ್ಚಿಕೊಂಡೇ ಹೋದರು, ಆದರೆ ಕೊಡೆಯ ಅಂಚು ಎರಡು ಬೆರಳು ಮೇಲೇರಿತು. ಹೆಜ್ಜೆ ನಿಂತಿತು. ಕೊಡೆಯನ್ನು ಮತ್ತೆ ಕೆಳಗೆ ಎಳೆದುಕೊಂಡು ಮುಂದೆ ನಡೆದರು. ಓಣಿಯ ಕೊನೆ ಮುಟ್ಟುವವರೆಗೂ ತಡೆದುಕೊಂಡು, ಅಲ್ಲಿ ನನ್ನ ತೋಳು ಹಿಡಿದರು.

"ಗಿಣಿ ನೋಡಿದ್ರೇನು?"

"ನೋಡಿದ್ನಿರಿ. ಛಲೋ ಅದಾವಲ್ರಿ."

"ನಿಮಗ ಕಣ್ಣಿಲ್ಲ," ಅಂದರು. "ಗಿಣಿ ಮೂಗಿಗೆ ಕರೀ ಬಣ್ಣಾ ಹಚ್ಚ್ಯಾನ, ಕರೀ! ಅವು ಗಿಣಿ ಅಲ್ಲ, ಹಸರ ಕಾಗಿ."

ಮರುದಿನ ಹನುಮಪ್ಪ ಬಂದ. ಸಂಜೀವಿನಿ ಪರ್ವತ ಹೊತ್ತಿದ್ದ, ಮೈಕಟ್ಟು ಅಗದಿ ಚಂದ, ಬಾಲ ಇರಲಿಲ್ಲ. ಬಾಲವಿಲ್ಲದೆ ಯಾವುದೋ ಊರಿನ ಪೈಲ್ವಾನನ ಹಾಗೆ ಕಾಣುತ್ತಿದ್ದ. ಸಾಹೇಬರ ಮುಖ ಕೆಂಪಾಯಿತು. ತುಟಿ ಕಚ್ಚಿಕೊಂಡರು, ದಾಟಿದರು. ಅದರ ಮುಂದಿನ ದಿನ ರಾಮ. ಬಿಲ್ಲಿತ್ತು, ಹೆದೆ ಇರಲಿಲ್ಲ. ಈ ಸಲ ಓಣಿಯ ಕೊನೆಯಲ್ಲಿ ಅವರ ಕಣ್ಣಲ್ಲಿ ನೀರೇ ಬಂದಿತ್ತು.

"ಹೆದಿ ಇಲ್ದ ಬಿಲ್ಲು ಹಿಡಕೊಂಡು ರಾವಣನ್ನ ಕೊಲ್ಲತಾನೇನ್ರಿ, ದನಾ ಕಾಯ್ತಾನೇನು? ಹುಚ್ಚ ಹಿಡದೈತಿ ಯಂಕ್ಯಾಗ! ಇಂಥಾ ಕೈ... ಇಂಥಾ ಕೈ ಹಿಂಗ ಆತಲ್ರಿ!"

ಸಿಟ್ಟಿಗಿಂತ ಹೆಚ್ಚಾಗಿ ಅದು ಸಂಕಟ. ಯಂಕಪ್ಪನ ಕೈ ಕೆಟ್ಟಿತೆಂದು ಅವರು ನಿಜವಾಗಿಯೂ ನಂಬಿದ್ದರು. ಉಳಿದ ಓಣಿಗೆಲ್ಲ ಆಟ ತಿಳಿದಿತ್ತು. ಸಾಹೇಬರು ಬರುವ ಹೊತ್ತಿಗೆ ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ತುಳಸವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಸಾಹೇಬರು ಉಳಿದವರ ತಪ್ಪು ಹಿಡಿಯುವುದನ್ನೇ ಮರೆತರು. ಒಂದು ಸಂಜೆ ನೀಲಿ ಮೈಯ ನಂದಿಯ ಮುಂದೆ ಹಾಗೇ ಹಾದುಹೋದರು. ಕಾಕು ನನ್ನ ಮುಂದೆ ಹೇಳಿಕೊಂಡರು: "ನಿದ್ದಿಗಣ್ಣಾಗ ಬಾಲ ಎಲ್ಲೈತಿ, ಬಾಲ ಎಲ್ಲೈತಿ ಅಂತ ಬಡಬಡಸ್ತಾರಪಾ. ಎಬ್ಬಿಸಿ ಕೇಳಿದ್ರ ಏನಿಲ್ಲ ಅಂತಾರ."

ಯಂಕಪ್ಪನ ಎದುರು ಮಾತ್ರ ಬಾಯಿ ಮುಚ್ಚಿಕೊಂಡಿದ್ದರು, ಅದನ್ನು ಒಪ್ಪಬೇಕು. ಆ ಮೀಸೆ ಅವರಿಗೆ ಅಷ್ಟು ದೊಡ್ಡದಾಗಿತ್ತು.

ಗಿರಿಜಾಳಿಗೆ ದಿನ ತುಂಬುತ್ತ ಬಂದಿತ್ತು. ಆ ಸಂಜೆ ಯಂಕಪ್ಪ ತಲೆಯ ಕಡೆಯ ದೊಡ್ಡ ಹಲಗೆಯನ್ನು ಹೊರಗೆ ಇಟ್ಟಿದ್ದ. ವಸುದೇವ ಹೊಳೆ ದಾಟುತ್ತಿದ್ದಾನೆ. ಎದೆಮಟ್ಟ ನೀರು, ಮೇಲೆ ಹೆಡೆ ಬಿಚ್ಚಿದ ಆದಿಶೇಷ, ತಲೆಯ ಮೇಲೆ ಎರಡೂ ಕೈಯಿಂದ ಎತ್ತಿ ಹಿಡಿದ ಬುಟ್ಟಿ. ನೀರಿನ ಒಂದೊಂದು ತೆರೆಯನ್ನೂ ಯಂಕಪ್ಪ ಕೂದಲಿನಷ್ಟು ಸಣ್ಣ ಗೆರೆಯಲ್ಲಿ ಬರೆದಿದ್ದ. ಕೈ ಕೆಟ್ಟಿಲ್ಲವೆಂದು ನನ್ನಂಥ ಕುರುಡನಿಗೂ ತಿಳಿಯುವಂತಿತ್ತು.

ಸಾಹೇಬರು ನಿಂತರು. ಕೊಡೆ ಭುಜದಿಂದ ಜಾರಿ ಬೀದಿಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲಿಲ್ಲ. ನೆಟ್ಟಗೆ ಹೋಗಿ, ಅಷ್ಟು ವರ್ಷ ಹತ್ತದ ಕಟ್ಟೆಯನ್ನು ಹತ್ತಿದರು.

"ಲೇ ಯಂಕ್ಯಾ! ಬುಟ್ಟ್ಯಾಗ ಕೂಸೆಲ್ಲೈತಿ?"

ಅಂಥ ದನಿಯನ್ನು ನಾನು ಅವರ ಬಾಯಿಂದ ಕೇಳಿರಲಿಲ್ಲ. ಬಾಗಿಲುಗಳಲ್ಲಿ ನಿಂತವರು ಯಾರೂ ನಗಲಿಲ್ಲ.

ಯಂಕಪ್ಪ ಕುಂಚವನ್ನು ಗೋಡೆಗೆ ಒರೆಸಿದ, ನಿಧಾನಕ್ಕೆ. "ಬಂದ್ಯಾ?" ಅಂದ.

"ಕೂಸೆಲ್ಲೈತಿ ಅಂತ ಕೇಳಾಕತ್ತೀನಿ! ಖಾಲಿ ಬುಟ್ಟಿ ಹೊರಿಸೀದಿ, ಕೂಸೆಲ್ಲೈತೋ?"

"ನಿನ್ನ ಮಗಳ ಹೊಟ್ಯಾಗ ಐತಿ."

ಸಾಹೇಬರು ಬುಟ್ಟಿಯನ್ನೊಮ್ಮೆ, ಯಂಕಪ್ಪನನ್ನೊಮ್ಮೆ ನೋಡಿದರು.

"ಹುಟ್ಟಿದ ಸುದ್ದಿ ಬಂದ ಮ್ಯಾಲೆ ಬುಟ್ಟಿಗೆ ಬರತೈತಿ," ಅಂದ ಯಂಕಪ್ಪ. "ಹುಟ್ಟಿದಾಗಿಂದ ಈ ಓಣಿ ತುಳದೀದಿ, ಕೂಸು ಕಡೀಕ ಬರಿಯೂದು ಅಂತ ನಿನಗ ನಾ ಹೇಳಬೇಕೇನು?"

ಸಾಹೇಬರು ಕಟ್ಟೆಯ ಮೇಲೆ ಕೂತರು. ನನಗೆ ಪಾಠ ಹೇಳಿದ ಮನುಷ್ಯ, ಊರಿಗೆಲ್ಲ ಗೊತ್ತಿದ್ದದ್ದನ್ನು ಮರೆತಿದ್ದರು. ಅಂಜಿಕೆ ಎಂಥ ಶಾಣ್ಯಾನನ್ನೂ ಹಾಗೆ ಮಾಡುತ್ತದೆ. ಆಮೇಲೆ ಒಂದೇ ಉಸಿರಿನಲ್ಲಿ, ಔಷಧದ ಜಾಡಿ ಬೋರಲು ಹಾಕಿದಂತೆ ಎಲ್ಲವೂ ಹೊರಗೆ ಬಂತು: "ಗಿಣಿ ಮೂಗು ಕರಿ ಐತಿ. ಹನುಮಪ್ಪಗ ಬಾಲ ಇಲ್ಲ. ರಾಮನ ಬಿಲ್ಲಿಗೆ ಹೆದಿ ಇಲ್ಲ. ಮುಂದಿನ ಕಾಲಿನ ಬಳ್ಳಿಗೆ ಎಲಿ ಐತಿ, ಹೂವಿಲ್ಲ."

"ಹೂವಿಂದು ನನಗ ಗೊತ್ತಿರಲಿಲ್ಲ," ಅಂದ ಯಂಕಪ್ಪ. "ಉಳದದ್ದು ಬೇಕಂತ ಮಾಡಿದ್ದು. ಖರೇ ತಪ್ಪಿಗೆ ಬಾಯಿ ಬಿಡಲಿಲ್ಲ, ತಪ್ಪಲ್ಲದ್ದಕ್ಕ ಓಣಿ ಕೂಡೂ ಹಂಗ ಒದರಿದಿ."

"ಯಾಕ ಮಾಡಿದ್ಯೋ ಹಿಂಗ?"

"ಬಾಟ್ಲಿ ಅಲ್ಲಾಡಿಸಿದೆ."

ಆಗ ಓಣಿ ನಕ್ಕಿತು. ತುಳಸವ್ವ ಕೂತಲ್ಲೇ ಹೊಟ್ಟೆ ಹಿಡಿದುಕೊಂಡಳು. ಸಾಹೇಬರು ನಗಲಿಲ್ಲ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನಗು ಇಳಿದ ಮೇಲೆ ಯಂಕಪ್ಪ ದನಿ ತಗ್ಗಿಸಿ, "ಒಂದು ತಪ್ಪು ಮಾತ್ರ ಖರೇನಽ ಮಾಡೇನಿ. ಎಲಿ ಅಡಿಕಿ ಇಲ್ದ ಶುರು ಮಾಡೇನಿ. ಅದನ್ನ ತಿದ್ದೂದು ನನ್ನ ಕೈಯಾಗಿಲ್ಲ," ಅಂದ.

ಸಾಹೇಬರು ಎದ್ದು ಮೂಲೆಯ ಅಂಗಡಿಗೆ ಹೋದರು. ಎಲೆ, ಅಡಿಕೆ, ತೆಂಗಿನಕಾಯಿ ತಂದು, ಎರಡೂ ಕೈಯಲ್ಲಿ ಹಿಡಿದು, ಇಡೀ ಓಣಿಯ ಎದುರು ನಿಂತು ಕೇಳಿದರು: "ಯಂಕಪ್ಪಾ, ಮಗಳಿಗೆ ತೊಟ್ಟಿಲಾ ಬೇಕೋ." ಹೆಸರನ್ನು ಪೂರ್ತಿಯಾಗಿ ಕರೆದದ್ದು ಅಷ್ಟು ದಿನದಲ್ಲಿ ಅದೊಂದೇ ಸಲ.

ಮರುದಿನ ಬೆಳಗ್ಗೆ ದವಾಖಾನೆಯ ಕಿಟಕಿಯಲ್ಲಿ ಯಾರೋ ಹೊಸಬರು ಕೂತಿದ್ದರು. ಬಾಟಲಿ ಹಿಡಿದು ನಿಂತ ಮುದುಕನೊಬ್ಬ, "ಕಂಪೌಂಡರ್ ಸಾಹೇಬ್ರು ರಜಾ ಏನ್ರಿ?" ಎಂದು ಕೇಳಿದ. ಮೀಸೆ ಇದ್ದ ಜಾಗ ಉಳಿದ ಮುಖಕ್ಕಿಂತ ಬೆಳ್ಳಗೆ, ಆಗ ತಾನೇ ಸುಣ್ಣ ಬಳಿದಂತೆ ಇತ್ತು. "ಬಾಟ್ಲಿ ತೊಳಕೊಂಡ ಬಾ," ಎಂದು ಅವರು ಬೈದ ಮೇಲೆಯೇ ಮುದುಕನಿಗೆ ಗುರುತು ಸಿಕ್ಕಿತು. ಅವರಾಗಿಯೇ, "ಮಾತು ಅಂದ್ರ ಮಾತಽ," ಅಂದರು. ತಪ್ಪಲ್ಲದ್ದನ್ನು ತಪ್ಪು ಅಂದರೆ ಆಣೆ ಮುರಿಯುವುದಿಲ್ಲ, ಅರ್ಧ ಮೀಸೆಯಾದರೂ ಉಳಿಸಿಕೊಳ್ಳಬಹುದಿತ್ತು ಎಂದು ಯಂಕಪ್ಪ ಸಂಜೆ ವಾದ ಹೂಡಿದನಂತೆ.

ಆ ದಿನದಿಂದ ಸವಾರಿ ಓಣಿಯ ನಡುವೆಯೇ ಮುಗಿಯತೊಡಗಿತು. ಗಿಣಿಗೆ ಕೆಂಪು ಮೂಗು ಬಂತು, ಹನುಮಪ್ಪನಿಗೆ ಬಾಲ, ಬಿಲ್ಲಿಗೆ ಹೆದೆ, ಬಳ್ಳಿಗೆ ಹೂವು. ಬುಟ್ಟಿ ಮಾತ್ರ ಹಾಗೇ ಇತ್ತು. ಇಬ್ಬರೂ ಅದರ ಎದುರು ಕೂತು ಬೇರೆ ಏನೇನೋ ಮಾತಾಡುತ್ತಿದ್ದರು. ಸಾಹೇಬರು ಒಮ್ಮೊಮ್ಮೆ ಮಾತಿನ ನಡುವೆ ಆ ಬಿಳಿ ಜಾಗದ ಕಡೆ ನೋಡಿ, ಇಲ್ಲದ ಮೀಸೆ ತಿರುವಿಕೊಂಡು, ತಿರುಗಿ ಮಾತು ಹಿಡಿಯುತ್ತಿದ್ದರು.

ಗಿರಿಜಾಳಿಗೆ ನೋವು ಶುರುವಾದದ್ದು ಬೆಳಗಿನ ಜಾವ. ಹೆರಿಗೆ ಬಹಳ ತ್ರಾಸಿನದಾಯಿತು. ಮಧ್ಯಾಹ್ನದವರೆಗೂ ಸಾಹೇಬರು ಔಷಧದ ಕೋಣೆಯಲ್ಲಿ ಖಾಲಿ ಬಾಟಲಿಗಳನ್ನು ತೊಳೆದು ಸಾಲಾಗಿಟ್ಟು, ತಿರುಗಿ ತೊಳೆದರು. ಮೂರರ ಸುಮಾರಿಗೆ ಒಳಗಿನಿಂದ ಅಳು ಕೇಳಿಸಿತು. ನರ್ಸ್‌ಬಾಯಿಯವರು ಹೊರಗೆ ಬಂದು, ತಾಯಿ ಕೂಸು ಇಬ್ಬರೂ ಛಲೋ ಇದ್ದಾರೆ ಅಂದರು. ಸಾಹೇಬರು ಆಕೆಗೆ ಕೈ ಮುಗಿದರು.

ಸಂಜೆ ನಾನೂ ಅವರ ಜೊತೆ ಹೋದೆ. ಕೊಡೆ ತಂದಿರಲಿಲ್ಲ. ಓಣಿಗೆ ಸುದ್ದಿ ಮೊದಲೇ ಮುಟ್ಟಿತ್ತು, ಆದರೂ ರೂಢಿ ಬಿಡುವಂತಿಲ್ಲ. ಯಂಕಪ್ಪ ಹಲಗೆಯನ್ನು ಬೆಳಕಿಗೆ ತಿರುಗಿಸಿ, ಬಣ್ಣ ಕಲಸಿಕೊಂಡು, ಸಣ್ಣ ಕುಂಚ ಹಿಡಿದು ಕಾಯುತ್ತಿದ್ದ.

"ಏನು ಸುದ್ದಿ?"

"ಹೆಣ್ಣು," ಅಂದರು ಸಾಹೇಬರು.

ಯಂಕಪ್ಪ ಬುಟ್ಟಿಯ ಮೇಲೆ ಬಗ್ಗಿ ಕೂಸಿನ ಕೈ ಬರುವಲ್ಲಿ ಮೊದಲು ಬಳೆ ಬರೆದ. ಸಾಹೇಬರಿಗೆ ತಡೆಯಲಾಗಲಿಲ್ಲ.

"ತಡಿ ತಡಿ. ವಸುದೇವ ಒಯ್ದದ್ದು ಗಂಡಕೂಸು. ಹೆಣ್ಣು ಬರದ್ರ ಪುರಾಣ ತಪ್ಪತೈತಿ."

"ಹೋಗೂಮುಂದ ಗಂಡು ಒಯ್ದ, ಬರೂಮುಂದ ಹೆಣ್ಣು ತಂದ. ಇದು ಬರೂಮುಂದಿನ ಚಿತ್ರ."

ಸಾಹೇಬರು ದನಿ ಸಣ್ಣ ಮಾಡಿ, "ಹಂಗ ತಂದ ಕೂಸಿನ ಗತಿ ಏನಾತು, ಗೊತ್ತೈತಿಲ್ಲೋ ನಿನಗ?" ಅಂದರು.

"ಗೊತ್ತೈತಿ. ಕಂಸ ಎತ್ತಿ ಒಗ್ಯಾಕ ಹ್ವಾದ. ಅವನ ಕೈಯಾಗಿಂದ ಜಾರಿ ಮ್ಯಾಲೆ ಹೋಗಿ ನಿಂತು, 'ಲೇ, ನೀ ತಪ್ಪಿದಿ' ಅಂತ ಮಾರಿ ಮ್ಯಾಲೆ ಹೇಳ್ತು." ಯಂಕಪ್ಪ ತಲೆ ಎತ್ತಲಿಲ್ಲ, ಕುಂಚ ನಿಲ್ಲಿಸಲಿಲ್ಲ. "ನಿನ್ನ ಮೊಮ್ಮಗಳಽ ಅಲ್ಲೇನು."

ಓಣಿಯವರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಸುತ್ತ ನಿಂತಿದ್ದರು. ತುಳಸವ್ವ ಉರಿಯುವ ಕಣ್ಣು ಒರೆಸಿಕೊಂಡು ಮುಂದೆ ಬಂದಳು. ಕೂಸಿಗೆ ಮೈ ಬಂತು, ಮುಚ್ಚಿದ ಮುಷ್ಟಿ ಬಂತು, ನೆತ್ತಿಯ ಮೇಲೆ ನಾಲ್ಕು ಕೂದಲು ಬಂದವು. ಕಡೆಗೆ ಎರಡು ಚುಕ್ಕೆಯಲ್ಲಿ ಕಣ್ಣು ಬಂದವು. ಯಂಕಪ್ಪ ಹಿಂದೆ ಸರಿದು ಕೂತ.

"ನೋಡು," ಅಂದ.

ಎಲ್ಲರೂ ಸಾಹೇಬರ ಬಾಯಿಯನ್ನೇ ನೋಡುತ್ತಿದ್ದೆವು. ಅವರು ಹಲಗೆಯ ಹತ್ತಿರ ಬಗ್ಗಿದರು. ಬಹಳ ಹೊತ್ತು ನೋಡಿದರು. ಹೊಳೆಯನ್ನಲ್ಲ, ಹೆಡೆಯನ್ನಲ್ಲ, ಬುಟ್ಟಿಯೊಳಗೆ ಮಾತ್ರ. ಅವರ ತುಟಿ ನಡುಗುತ್ತಿತ್ತು, ಮುಚ್ಚಲು ಮೀಸೆ ಇರಲಿಲ್ಲ.

"ಸಣ್ಣದಾತಲ್ಲೋ," ಅಂದರು.

ಯಂಕಪ್ಪ ಕುಂಚವನ್ನು ಗೋಡೆಗೆ ಒರೆಸಿದ.

"ಬೆಳೀತೈತಿ ಬಿಡು," ಅಂದ.